ಓದಿದ್ದು ಒಂದು, ನೋಡಿದ್ದು ಇನ್ನೊಂದು: ದೊಡ್ಡ ಸಿನಿಮಾಗಳು ಪುಸ್ತಕದ ಅಭಿಮಾನಿಗಳ ಆಸೆ ಮುಟ್ಟುತ್ತವೆಯಾ?

ಟಿಳಕವಾಡಿ ಅಪ್ಪ, ಬೆಳಗಾವಿ

ಎಲ್ಲರಿಗೂ ನಮಸ್ಕಾರ. ಕಳೆದ ರವಿವಾರ ನಮ್ಮ ಮನೆಯಲ್ಲಿ ಒಂದು ಜಗಳ ಆಯಿತು. ಮಗಳು ಪಿಯುಸಿ ಎರಡನೇ ವರ್ಷ. ಹ್ಯಾರಿ ಪಾಟರ್‌ನ ಏಳೂ ಪುಸ್ತಕ ಓದಿದ್ದಾಳೆ, ಕೆಲವನ್ನು ಎರಡೆರಡು ಸಲ. ನಾನು ಒಂದನ್ನೂ ಓದಿಲ್ಲ, ಸಿನಿಮಾ ಮಾತ್ರ ನೋಡಿದ್ದೇನೆ. ಊಟ ಆದಮೇಲೆ ನಾಲ್ಕನೆಯ ಸಿನಿಮಾ, 2005ರದ್ದು, ಹಚ್ಚಿಕೊಂಡು ಕುಳಿತೆವು. ಅಪಾಯದ ಸ್ಪರ್ಧೆಯೊಂದಕ್ಕೆ ಹೆಸರು ಆರಿಸುವ ಬೆಂಕಿಯ ಬಟ್ಟಲಿನಿಂದ ಹ್ಯಾರಿಯ ಹೆಸರಿನ ಚೀಟಿ ಹಾರಿ ಬರುತ್ತದೆ. ಮುಖ್ಯ ಗುರು ಡಂಬಲ್‌ಡೋರ್ ಧಾವಿಸಿ ಬಂದು, ಹುಡುಗನನ್ನು ಹಿಡಿದು ಅಲುಗಾಡಿಸಿ, ನೀನೇ ಹೆಸರು ಹಾಕಿದೆಯಾ ಎಂದು ಕೂಗುತ್ತಾರೆ.

ಅಷ್ಟಕ್ಕೇ ಮಗಳು ರಿಮೋಟ್ ತೆಗೆದುಕೊಂಡು ನಿಲ್ಲಿಸಿಬಿಟ್ಟಳು. ಒಳಗೆ ಹೋಗಿ ಪುಸ್ತಕ ತಂದಳು. ಆ ಪುಟದ ಮೂಲೆ ಮೊದಲೇ ಮಡಚಿತ್ತು. ಪೆನ್ಸಿಲ್‌ನಿಂದ ಗೆರೆ ಎಳೆದ ಒಂದು ಪದ ತೋರಿಸಿದಳು. ಅಲ್ಲಿ ಅವರು ಶಾಂತವಾಗಿ ಕೇಳಿದರು ಅಂತ ಇದೆ.

"ಒಂದು ಪದಕ್ಕ ಇಷ್ಟು ಸಿಟ್ಟೇನು?" ಅಂದೆ. "ಅಪ್ಪಾ, ಆ ಒಂದು ಪದದಾಗನ ಅವರು ಎಂಥವರು ಅನ್ನೋದು ಐತಿ" ಅಂದಳು. ಆಮೇಲೆ ಸಿನಿಮಾ ಮುಂದುವರಿಯಲಿಲ್ಲ.

ಅವಳದ್ದು ಅತಿಯಾಯಿತು ಅಂತ ನನಗೆ ಅನಿಸಿತು. ಆದರೆ ಎರಡು ದಿನದಿಂದ ಅದೇ ತಲೆಯಲ್ಲಿ ಸುತ್ತುತ್ತಿದೆ. ಕೋಟಿಗಟ್ಟಲೆ ಹಣ ಹಾಕಿ ಮಾಡುವ ಸಿನಿಮಾ ಓದಿದವರ ಮಾತಿಗೆ ಎಷ್ಟು ಬೆಲೆ ಕೊಡಬೇಕು? ಪುಸ್ತಕ ಓದಿ, ಸಿನಿಮಾ ನೋಡಿ, ಮನಸ್ಸು ತುಂಬಿ ಎದ್ದು ಬಂದಿದ್ದು ನಿಮಗೆ ಯಾವಾಗ?

ಕೃಷ್ಣಾ ದಂಡೆ, ಜಮಖಂಡಿ

ಮಗಳ ಕಡೆ ನನ್ನ ವೋಟು.

ಗುಮ್ಮಟದ ನೆರಳು, ವಿಜಯಪುರ

ನಾನು ಒಪ್ಪಲ್ಲ. ಆ ಪುಸ್ತಕ ಆರುನೂರು ಪುಟ ದಾಟುತ್ತದೆ. ಸಿನಿಮಾ ಎರಡೂವರೆ ಗಂಟೆಯದ್ದು. ಓದುವಾಗ ನಾವು ನೂರು ಪುಟದಿಂದ ಆ ಭಯ ಕಟ್ಟಿಕೊಂಡು ಬಂದಿರುತ್ತೇವೆ, ಶಾಂತವಾಗಿ ಕೇಳಿದರೂ ಎದೆ ನಡುಗುತ್ತದೆ. ಸಿನಿಮಾದವರಿಗೆ ಅದೇ ಭಯ ಅರ್ಧ ನಿಮಿಷದಲ್ಲಿ ಹುಟ್ಟಬೇಕು. ಕೂಗಿಸಿದರು. ಅದರಲ್ಲಿ ತಪ್ಪೇನಿದೆ?

ಲಾರ್ಡ್ ಆಫ್ ದಿ ರಿಂಗ್ಸ್ ನೋಡಿ. ಪುಸ್ತಕದಲ್ಲಿ ಟಾಮ್ ಬೊಂಬಾಡಿಲ್ ಅಂತ ಒಬ್ಬ ಇದ್ದಾನೆ, ಅಧ್ಯಾಯಗಟ್ಟಲೆ ಬರುತ್ತಾನೆ. ಸಿನಿಮಾದಲ್ಲಿ ಅವನೇ ಇಲ್ಲ. ಮೂರನೆಯ ಭಾಗಕ್ಕೆ 11 ಆಸ್ಕರ್ ಬಂತು. ನಾನು ಸಿನಿಮಾ ಮೊದಲು ನೋಡಿ, ಆಮೇಲೆ ಪುಸ್ತಕ ಓದಿದವನು. ಬೊಂಬಾಡಿಲ್ ಬಂದಾಗ ಕಥೆ ನಿಂತ ಹಾಗೇ ಅನಿಸಿತು. ಬಿಟ್ಟಿದ್ದು ಒಳ್ಳೆಯದೇ ಆಯಿತು.

ಎರಡನೇ ಬೆಂಚು, ಬಾಗಲಕೋಟೆ ನವನಗರ

ಅಣ್ಣಾ, ಬಿಡುವುದು ಬೇರೆ, ಬದಲಿಸುವುದು ಬೇರೆ. ಹ್ಯಾರಿ ಪಾಟರ್ ಪುಸ್ತಕಗಳಲ್ಲಿ ಪೀವ್ಸ್ ಅಂತ ತುಂಟ ಭೂತ ಇದ್ದಾನೆ. ಮೊದಲ ಸಿನಿಮಾಕ್ಕೆ ರಿಕ್ ಮೇಯಲ್ ಅವರಿಂದ ಆ ಪಾತ್ರ ಮಾಡಿಸಿ, ಚಿತ್ರೀಕರಣ ಮುಗಿಸಿ, ಕೊನೆಗೆ ಕತ್ತರಿಸಿಬಿಟ್ಟರು. ಎಂಟು ಸಿನಿಮಾದಲ್ಲಿ ಒಂದರಲ್ಲೂ ಅವನಿಲ್ಲ. ಬೇಜಾರಾಯಿತು, ಆದರೆ ಸಹಿಸಿಕೊಂಡೆ. ನನ್ನ ತಲೆಯೊಳಗಿನ ಪೀವ್ಸ್ ಹಾಗೇ ಇದ್ದಾನಲ್ವಾ? ಡಂಬಲ್‌ಡೋರ್ ವಿಷಯ ಹಾಗಲ್ಲ. ಈಗ ಪುಸ್ತಕ ತೆಗೆದರೂ ಆ ಕೂಗೇ ಕೇಳಿಸುತ್ತದೆ. ಇದ್ದದ್ದನ್ನೂ ಕಿತ್ತುಕೊಂಡರು.

ಕುಂದಾ ಪ್ರಿಯ, ಬೆಳಗಾವಿ

ಉದ್ದ ಎಳೆಯುವ ರೋಗದ ಬಗ್ಗೆ ಯಾರೂ ಹೇಳುತ್ತಿಲ್ಲ. ಹಾಬಿಟ್ ಸಣ್ಣ ಪುಸ್ತಕ. ಮಕ್ಕಳಿಗೆ ಒಂದು ವಾರ ರಾತ್ರಿ ಮಲಗುವ ಮುಂಚೆ ಓದಿ ಹೇಳಿದ್ದೆ. ಅದನ್ನು 2012ರಿಂದ 2014ರವರೆಗೆ ಮೂರು ಸಿನಿಮಾ ಮಾಡಿದರು. ಎರಡನೆಯದಕ್ಕೇ ನನ್ನ ಮಗ ಕೇಳಿದ: "ಪಪ್ಪಾ, ಇದು ನೀವು ಹೇಳಿದ್ದರಾಗ ಎಲ್ಲಿ ಇತ್ತು?" ದುಡ್ಡು ಇದೆ ಅಂತ ಯುದ್ಧ ತುಂಬಿದರೆ ಕಥೆ ದೊಡ್ಡದಾಗಲ್ಲ.

ಮಲಪ್ರಭಾ ಮಾಸ್ತರ್, ಬೈಲಹೊಂಗಲ

ದೂರದ ಮಾತು ಯಾಕೆ, ನಮ್ಮಲ್ಲೇ ಇದಕ್ಕಿಂತ ದೊಡ್ಡ ಜಗಳ ಆಗಿದೆ. 1972ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ನಾಗರಹಾವು ಬಂತು. ಕಥೆ ತ.ರಾ.ಸು. ಅವರದ್ದು. ಸಿನಿಮಾ ಓಡಿದ್ದು ಹೇಗೆ ಅಂತ ನಮ್ಮ ವಯಸ್ಸಿನವರನ್ನು ಕೇಳಿ. ವಿಷ್ಣುವರ್ಧನ್ ಎನ್ನುವ ನಾಯಕ ಹುಟ್ಟಿದ್ದೇ ಅಲ್ಲಿ. ಆದರೆ ಬರೆದವರಿಗೆ ಅದು ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ತ.ರಾ.ಸು. ಬೇಸರಪಟ್ಟ ಮಾತು ಈಗಲೂ ಓಡಾಡುತ್ತದೆ. ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ಅವರ ಮಗ ಕ್ರಿಸ್ಟೋಫರ್ ಕೂಡ ತಂದೆಯ ಪುಸ್ತಕದ ಸಿನಿಮಾಗಳನ್ನು ಮೆಚ್ಚಲಿಲ್ಲ. ಗೆದ್ದ ಸಿನಿಮಾ ಎಲ್ಲರನ್ನೂ ಗೆದ್ದಿರುತ್ತದೆ ಅಂತ ತಿಳಿಯಬೇಡಿ.

ನಾನು ಆ ಸಿನಿಮಾವನ್ನು ಹುಡುಗನಾಗಿದ್ದಾಗ ನೋಡಿದೆ. ಕಾದಂಬರಿ ಓದಿದ್ದು ನೌಕರಿಗೆ ಸೇರಿದ ಮೇಲೆ. ಓದುತ್ತಿದ್ದಾಗ ಚಾಮಯ್ಯ ಮೇಷ್ಟ್ರು ಎಂದ ಕೂಡಲೇ ಅಶ್ವತ್ಥ್ ಅವರ ಮುಖ ಬಂತು. ಅವರ ಆ ನಡುಗುವ ದನಿ ಬಂತು. ಮೂವತ್ತು ವರ್ಷ ಪಾಠ ಹೇಳಿದೆ. ತರಗತಿಯಲ್ಲಿ ಒರಟು ಹುಡುಗ ಎದುರು ನಿಂತಾಗಲೆಲ್ಲ ನನಗೆ ನೆನಪಾಗಿದ್ದು ಸಿನಿಮಾದ ಮೇಷ್ಟ್ರೇ. ಬರೆದವರಿಗೆ ಬೇಸರವಾಗಿದ್ದು ನಿಜ, ನನ್ನ ಕೈ ಎಷ್ಟೋ ಸಲ ಮೇಲೆದ್ದು ಕೆಳಗಿಳಿದಿದ್ದು ಆ ಸಿನಿಮಾದಿಂದ ಅನ್ನುವುದೂ ನಿಜ. ಯಾವುದನ್ನು ತಳ್ಳಿಹಾಕಲಿ?

ಕೃಷ್ಣಾ ದಂಡೆ, ಜಮಖಂಡಿ

ಮಾಸ್ತರ್ರೇ, ಕೊನೆಯ ಮಾತು ಓದಿ ಸುಮ್ನೆ ಕುಳಿತುಬಿಟ್ಟೆ.

ಹೊಸ ಪೋಸ್ಟರ್, ವಿಜಯಪುರ

ನಾಗರಹಾವು ಅಂದರೆ ಕನ್ನಡದಲ್ಲಿ ಕಾದಂಬರಿಯಿಂದ ಬಂದ ಮೊದಲ ಸಿನಿಮಾ ಅಲ್ವಾ?

ಮಲಪ್ರಭಾ ಮಾಸ್ತರ್, ಬೈಲಹೊಂಗಲ

ಅಲ್ಲ ತಮ್ಮಾ. ಮತ್ತೆ, ಅದು ಒಂದೇ ಕಾದಂಬರಿಯೂ ಅಲ್ಲ. ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ, ಈ ಮೂರೂ ಸೇರಿ ಒಂದು ಸಿನಿಮಾ ಆಯಿತು. ಪುಟ್ಟಣ್ಣನವರೇ ಅದಕ್ಕೂ ಮೊದಲು ತ್ರಿವೇಣಿಯವರ ಬೆಳ್ಳಿಮೋಡ, ಎಂ.ಕೆ. ಇಂದಿರಾ ಅವರ ಗೆಜ್ಜೆಪೂಜೆ ಮಾಡಿದ್ದರು.

ಶಾವಿಗೆ ಮಣೆ, ಬೀಳಗಿ

ಅವೆಲ್ಲಕ್ಕಿಂತ ಮೊದಲು ನಮ್ಮ ಬೀಳಗಿಯವರು ಇದ್ದಾರೆ. ಕೃಷ್ಣಮೂರ್ತಿ ಪುರಾಣಿಕರು. ಅವರ ಧರ್ಮದೇವತೆ ಕಾದಂಬರಿ 1962ರಲ್ಲಿ ಕರುಣೆಯೇ ಕುಟುಂಬದ ಕಣ್ಣು ಎಂದು ಸಿನಿಮಾ ಆಯಿತು. ಕನ್ನಡ ಕಾದಂಬರಿಯಿಂದ ಬಂದ ಮೊದಲ ಸಿನಿಮಾ ಅಂತ ಹೆಸರಿರುವುದು ಅದಕ್ಕೆ. ಮರುವರ್ಷ ಅವರದೇ ಕುಲವಧು ಬಂತು. ಬೇಂದ್ರೆಯವರ ಯುಗಾದಿ ಕವಿತೆಯನ್ನು ಜಾನಕಿಯಮ್ಮ ಹಾಡಿದ್ದು ಆ ಸಿನಿಮಾದಲ್ಲೇ.

ನಮ್ಮ ಅವ್ವನಿಗೆ ಈಗ 76. ನಮ್ಮ ಮನೆಯ ಹೆಣ್ಣುಮಕ್ಕಳು ಪುರಾಣಿಕರನ್ನು ಓದಿದ್ದು ಹೇಗೆ ಗೊತ್ತಾ? ಬೇಸಿಗೆಯಲ್ಲಿ ಶಾವಿಗೆ ಹೊಸೆಯಲು ಆರೇಳು ಜನ ಸೇರುತ್ತಿದ್ದರು. ಮಣೆಯ ಮೇಲೆ ಕುಳಿತು ಒಬ್ಬರು ಹೊಸೆಯುವುದು, ಒಬ್ಬರು ಎಳೆ ಹಿಡಿದು ಕೋಲಿಗೆ ಹಾಕುವುದು. ಓದಲು ಬರುತ್ತಿದ್ದುದು ಅವ್ವನಿಗೆ ಮಾತ್ರ, ಏಳನೇ ಇಯತ್ತೆ ಪಾಸಾಗಿದ್ದಳು. ಅದಕ್ಕೆ ಅವಳಿಗೆ ಹಿಟ್ಟಿನ ಕೆಲಸ ಇಲ್ಲ. ಕಂಬಕ್ಕೆ ಒರಗಿ ಗಟ್ಟಿಯಾಗಿ ಓದಬೇಕು. ಅಳುವ ಜಾಗ ಬಂದರೆ ಎಳೆ ಹಿಡಿದವರ ಕೈ ನಿಲ್ಲುತ್ತಿತ್ತಂತೆ, ಶಾವಿಗೆ ತುಂಡಾಗುತ್ತಿತ್ತಂತೆ. ಆಗ ನಮ್ಮ ದೊಡ್ಡಮ್ಮ ಬೈಯುತ್ತಿದ್ದಳು: "ಅಲ್ಲೇ ನಿಂದ್ರಸs, ಕೈ ಒರಸ್ಕೊಂತೀವಿ."

ಕುಲವಧು ನಮ್ಮ ಕಡೆ ಟೂರಿಂಗ್ ಟಾಕೀಸಿಗೆ ಬಂದಾಗ ಹೊಸದೇನೂ ಆಗಿರಲಿಲ್ಲ, ಬೆಂಗಳೂರಿನವರು ನೋಡಿ ಮರೆತು ಎಷ್ಟೋ ದಿನ ಆಗಿತ್ತು. ಎಲ್ಲರೂ ಚಕ್ಕಡಿ ಕಟ್ಟಿಕೊಂಡು ಹೋದರು. ಅವರ ಪಾಲಿಗೆ ಅದಕ್ಕಿಂತ ದೊಡ್ಡ ಸಿನಿಮಾ ಇರಲಿಲ್ಲ. ರಾತ್ರಿ ತಿರುಗಿ ಬರುವಾಗ ಯಾರೂ ಮಾತಾಡಲಿಲ್ಲವಂತೆ. ಊರು ಹತ್ತಿರ ಬಂದ ಮೇಲೆ ದೊಡ್ಡಮ್ಮ ಬಾಯಿ ಬಿಟ್ಟಳು: "ನಾ ತಿಳ್ಕೊಂಡ ಸೊಸಿ ಹಿಂಗಿರಲಿಲ್ಲ ಬಿಡ್ರಿ. ಆದ್ರ ಆಕಿ ಅಳೂದು ಮಾತ್ರ ಖರೇ ಐತಿ."

ಆ ಊರು ಈಗ ಆಲಮಟ್ಟಿ ಹಿನ್ನೀರಿನಲ್ಲಿದೆ. ದೊಡ್ಡಮ್ಮ ಇಲ್ಲ. ಆ ಮಾತು ಮಾತ್ರ ಅವ್ವ ಇವತ್ತಿಗೂ ಹೇಳುತ್ತಾಳೆ. ಟಿಳಕವಾಡಿಯವರ ಮಗಳು ಕೇಳುತ್ತಿರುವುದೂ ಅದನ್ನೇ ಅಂತ ನನ್ನ ಅನಿಸಿಕೆ. ಗಡ್ಡ, ಟೊಪ್ಪಿಗೆ ಹೇಗಾದರೂ ಇರಲಿ. ಆ ಶಾಂತಿ ಖರೇ ಇರಬೇಕಿತ್ತು.

ಟಿಳಕವಾಡಿ ಅಪ್ಪ, ಬೆಳಗಾವಿ

ಅಕ್ಕಾರೆ, ಇದನ್ನು ಮಗಳಿಗೆ ಓದಿ ತೋರಿಸಿದೆ. ದೊಡ್ಡಮ್ಮನ ಮಾತನ್ನು ಎರಡನೇ ಸಲ ಓದಿಸಿದಳು.

ಗುಮ್ಮಟದ ನೆರಳು, ವಿಜಯಪುರ

ಕಥೆ ಚೆನ್ನಾಗಿದೆ, ಮನಸ್ಸಿಗೆ ತಟ್ಟಿತು. ಆದರೆ ವಾದ ನನ್ನದೇ ಗಟ್ಟಿಯಾಯಿತು ನೋಡಿ. ದೊಡ್ಡಮ್ಮ ಸೊಸೆಯ ರೂಪ ಬದಲಾಗಿದ್ದನ್ನು ಬಿಟ್ಟುಕೊಟ್ಟರು. ಇವತ್ತಿನ ಅಭಿಮಾನಿ ಏನನ್ನೂ ಬಿಟ್ಟುಕೊಡಲ್ಲ. ಅಂಗಿಯ ಬಣ್ಣಕ್ಕೂ ಜಗಳ, ಕೂದಲ ಬಣ್ಣಕ್ಕೂ ಜಗಳ.

ಎರಡನೇ ಬೆಂಚು, ಬಾಗಲಕೋಟೆ ನವನಗರ

ಅಂಗಿಯ ಬಣ್ಣಕ್ಕೆ ನಾನು ಜಗಳ ಮಾಡಿದ್ದು ಎಲ್ಲಿ? ಸ್ವಭಾವ ಬದಲಿಸಬೇಡಿ ಅಂದೆ ಅಷ್ಟೇ. ಅಣ್ಣಾ, ನಾನು ಹೇಳದ ಮಾತನ್ನು ನನ್ನ ಬಾಯಿಗೆ ಹಾಕಬೇಡಿ.

ಗುಮ್ಮಟದ ನೆರಳು, ವಿಜಯಪುರ

ಸರಿ, ಅದನ್ನು ವಾಪಸ್ ತಗೊಂಡೆ.

ಘಟಪ್ರಭಾ, ಮುಧೋಳ

ಬೀಳಗಿ ಅಂದಮೇಲೆ ಸನಾದಿ ಅಪ್ಪಣ್ಣ ಬಿಟ್ಟರೆ ಹೇಗೆ? ಪುರಾಣಿಕರದೇ ಕಥೆ, 1977ರ ಸಿನಿಮಾ, ಡಾ. ರಾಜ್ ಮಾಡಿದ ಪಾತ್ರ. ಅದರ ಹಿಂದೆ ಬೀಳಗಿಯ ನಿಜವಾದ ಅಪ್ಪಣ್ಣ ಇದ್ದರು.

ನನ್ನ ಮದುವೆ ಬೀಳಗಿಯಲ್ಲಿ, 1994. ಸನಾದಿಗೆ ಬಂದವರು ವಯಸ್ಸಾದವರು. ಹಂದರದ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತಿದ್ದರು. ಊದುವ ತುದಿಯನ್ನು ತುಟಿಯಲ್ಲಿ ಇಟ್ಟುಕೊಂಡು ತೇವ ಮಾಡುತ್ತಿದ್ದರು, ತೆಗೆದು ನೋಡುತ್ತಿದ್ದರು, ಮತ್ತೆ ಇಟ್ಟುಕೊಳ್ಳುತ್ತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ಒಂದೇ ಶ್ರುತಿ ಹಿಡಿದು ಊದುವುದು, ಗಲ್ಲ ಉಬ್ಬಿ ಕೆಂಪಾಗಿತ್ತು, ಒಂದು ಕ್ಷಣವೂ ನಿಲ್ಲಿಸಲಿಲ್ಲ. ಅಕ್ಕಿಕಾಳು ಬಿದ್ದ ಹೊತ್ತಿಗೆ ಹಿರಿಯರು ಎತ್ತಿದ ಸ್ವರಕ್ಕೆ ನನ್ನ ಅತ್ತೆಯವರ ಕಣ್ಣಲ್ಲಿ ನೀರು ಬಂತು. ಊಟದ ಪಂಕ್ತಿಯಲ್ಲಿ ಮಾತ್ರ ಅವರನ್ನು ಕೊನೆಗೆ ಕೂಡಿಸಿದರು. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಪುಸ್ತಕ ಎಷ್ಟೇ ಚೆನ್ನಾಗಿ ಬರೆದರೂ ಆ ಸ್ವರ ಕೇಳಿಸುವುದಿಲ್ಲ. ಸಿನಿಮಾಕ್ಕೆ ಬಿಸ್ಮಿಲ್ಲಾ ಖಾನ್ ಅವರಿಂದಲೇ ಶಹನಾಯಿ ನುಡಿಸಿದರು. ಅಭಿಮಾನಿ ಕೇಳಿದ್ದಕ್ಕಿಂತ ಜಾಸ್ತಿ ಕೊಟ್ಟ ಸಿನಿಮಾ ಅದು. ಪುಸ್ತಕವೇ ಯಾವಾಗಲೂ ಮೇಲು ಅನ್ನುವವರು ಇದಕ್ಕೆ ಉತ್ತರ ಹೇಳಲಿ.

ಮೇಣಬಸದಿ, ಬಾದಾಮಿ

ಉತ್ತರ ಇಲ್ಲ. ಒಪ್ಪಿದೆ.

ಆದರೆ ದೊಡ್ಡ ಬಜೆಟ್ಟಿನ ಪ್ರಶ್ನೆಗೆ ತಿರುಗಿ ಬರೋಣ. ಪೊನ್ನಿಯಿನ್ ಸೆಲ್ವನ್ ಬಗ್ಗೆ ಯಾರಾದರೂ ಹೇಳಿ. ಕಲ್ಕಿಯವರ ಕಾದಂಬರಿ ಐದು ಭಾಗ. ಎಂಜಿಆರ್ ಅವರ ಕಾಲದಿಂದ ಸಿನಿಮಾ ಮಾಡಬೇಕು ಅಂತ ನೋಡುತ್ತಿದ್ದರು. ಕೊನೆಗೆ ಮಣಿರತ್ನಂ 2022 ಮತ್ತು 2023ರಲ್ಲಿ ಎರಡು ಸಿನಿಮಾದಲ್ಲಿ ಮುಗಿಸಿದರು. ನನ್ನ ಜೊತೆ ಕೆಲಸ ಮಾಡುವ ತಮಿಳಿನ ಗೆಳೆಯ ಚಿಕ್ಕಂದಿನಲ್ಲಿ ಅಜ್ಜಿಯಿಂದ ಕಥೆ ಕೇಳಿದವನು. ಅವನು ಖುಷಿಯಾಗಿದ್ದ. ನಾನು ಏನೂ ಓದದೆ ಹೋದೆ, ಅರ್ಧ ಸಿನಿಮಾ ಯಾರು ಯಾರ ಮಗ ಅನ್ನುವುದರಲ್ಲೇ ಹೋಯಿತು. ಓದಿದವರಿಗೆ ಮಾಡಿದರೆ ಓದದವರು ಹೊರಗೆ ಉಳಿಯುತ್ತಾರೆ. ಓದದವರಿಗೆ ಮಾಡಿದರೆ ಓದಿದವರು ಬೈಯುತ್ತಾರೆ.

ಇನ್ನೊಂದು. ಮೊದಲ ಯುದ್ಧದಲ್ಲಿ ಚೋಳರ ಎದುರು ಸೋಲುವವರು ರಾಷ್ಟ್ರಕೂಟರು. ಪಟ್ಟದಕಲ್ಲಿನಲ್ಲಿ ಅವರ ಕಾಲದ ಜೈನ ಬಸದಿ ಇದೆ, ನಾನು ವಾರಕ್ಕೊಮ್ಮೆ ಅದರ ಮುಂದೆ ಹೋಗುತ್ತೇನೆ. 949ರಲ್ಲಿ ತಕ್ಕೋಲಂನಲ್ಲಿ ಚೋಳರನ್ನು ಸೋಲಿಸಿದ್ದು ರಾಷ್ಟ್ರಕೂಟರ ಮೂರನೆಯ ಕೃಷ್ಣ. ನಮ್ಮ ಕಡೆಯಿಂದ ಯಾಕೆ ಅಷ್ಟು ದೊಡ್ಡ ಸಿನಿಮಾ ಇಲ್ಲ? ಇಮ್ಮಡಿ ಪುಲಿಕೇಶಿಯ ಮೇಲೆ ಒಂದಾದರೂ ಬರಬೇಕಿತ್ತಲ್ಲ?

ಮಲಪ್ರಭಾ ಮಾಸ್ತರ್, ಬೈಲಹೊಂಗಲ

ಬಂದಿದೆ. 1967, ಇಮ್ಮಡಿ ಪುಲಿಕೇಶಿ, ರಾಜ್‌ಕುಮಾರ್.

ಮೇಣಬಸದಿ, ಬಾದಾಮಿ

ಬಾದಾಮಿಯಲ್ಲೇ ಹುಟ್ಟಿ ಇದು ಗೊತ್ತಿರಲಿಲ್ಲ. ಇವತ್ತು ರಾತ್ರಿಯೇ ನೋಡುತ್ತೇನೆ ಸರ್.

ಕುಂದಾ ಪ್ರಿಯ, ಬೆಳಗಾವಿ

ಹೊಸದಾಗಿ ಮಾಡಿದರೂ ನನಗೆ ಒಂದು ಹೆದರಿಕೆ. ಪುಲಿಕೇಶಿಯ ಸೈನಿಕರೆಲ್ಲ ಪ್ರತಿ ಮಾತಿಗೂ "ರೀ" ಹಚ್ಚಿ ಮಾತಾಡುತ್ತಾರೆ. ನಮ್ಮ ಭಾಷೆ ಅಂದರೆ ಅಷ್ಟೇ ಅಂತ ತಿಳಿದುಕೊಂಡಿದ್ದಾರೆ. ತಾಯಿ ಮಗನಿಗೆ "ಬಾರ್ರೀ" ಅಂದದ್ದನ್ನು ಒಂದು ಸಿನಿಮಾದಲ್ಲಿ ಕೇಳಿದ್ದೇನೆ. ನಮ್ಮ ಅವ್ವ ನನಗೆ ಹಾಗೆ ಅಂದರೆ ಮೊದಲು ನಾನು ಏನು ತಪ್ಪು ಮಾಡಿದೆ ಅಂತ ಯೋಚಿಸುತ್ತೇನೆ.

ಘಟಪ್ರಭಾ, ಮುಧೋಳ

ನೂರಕ್ಕೆ ನೂರು ಖರೆ. ನಮ್ಮ ಕಡೆಯ ಕಾದಂಬರಿ ಸಿನಿಮಾ ಆದಾಗ ಮೊದಲು ಸಾಯುವುದು ಭಾಷೆ. ಮಾತು ಬರೆಯಲು ನಮ್ಮೂರಿನ ಒಬ್ಬನನ್ನು ಕೂಡಿಸಿಕೊಳ್ಳಿ, ಅದಕ್ಕೇನು ಕೋಟಿ ಬೇಕಾ?

ಹೊಸ ಪೋಸ್ಟರ್, ವಿಜಯಪುರ

ಕಂಬಾರರ ಸಿನಿಮಾ ನೋಡಿ ಹಾಗಾದರೆ. ಕಾಡುಕುದುರೆ ಅವರೇ ಬರೆದು ಅವರೇ ನಿರ್ದೇಶಿಸಿದ್ದು. ಬೆಳಗಾವಿ ಜಿಲ್ಲೆಯ ಘೋಡಗೇರಿಯವರು. ಅದರ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ಬರೆದವನೇ ಸಿನಿಮಾ ಮಾಡಿದರೆ ಈ ಜಗಳವೇ ಇರಲ್ಲ.

ಗುಮ್ಮಟದ ನೆರಳು, ವಿಜಯಪುರ

ಬರೆದವರಿಗೆಲ್ಲ ಸಿನಿಮಾ ಮಾಡಲು ಬರಲ್ಲ ತಮ್ಮಾ. ಅದು ಬೇರೆ ಕಸುಬು.

ರಾಯಣ್ಣನ ನಾಡು, ಸಂಗೊಳ್ಳಿ ಹತ್ತಿರ

ನಾವೆಲ್ಲ ಪುಸ್ತಕದ ಬಗ್ಗೆಯೇ ಮಾತಾಡುತ್ತಿದ್ದೇವೆ. ನಮ್ಮ ಕಡೆ ಪುಸ್ತಕಕ್ಕಿಂತ ಮೊದಲು ಲಾವಣಿ ಇದೆ, ಪಾರಿಜಾತ ಇದೆ. ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಆಡುತ್ತಾರೆ. ನಾನು ಐದಾರು ಮೇಳದ್ದು ನೋಡಿದ್ದೇನೆ, ಒಬ್ಬರಂತೆ ಇನ್ನೊಬ್ಬರು ಆಡಲ್ಲ. ಒಬ್ಬರು ಕೊರವಂಜಿಯ ಮಾತು ಬೆಳೆಸುತ್ತಾರೆ, ಇನ್ನೊಬ್ಬರು ಗೊಲ್ಲತಿಯನ್ನು ಬೆಳಗಿನ ತನಕ ಆಡಿಸುತ್ತಾರೆ. ಮೂಲದಲ್ಲಿ ಹೀಗಿರಲಿಲ್ಲ ಅಂತ ಯಾರೂ ಎದ್ದು ಹೋಗಲ್ಲ. ಸತ್ಯಭಾಮೆಯ ಸಿಟ್ಟು ಮಾತ್ರ ಏರಬೇಕು. ಅದು ಏರದಿದ್ದರೆ ಹಿಂದೆ ಕುಳಿತ ಮುದುಕಿಯರೇ ಕೂಗುತ್ತಾರೆ.

2012ರಲ್ಲಿ ಸಂಗೊಳ್ಳಿ ರಾಯಣ್ಣನ ಸಿನಿಮಾ ಬಂದಾಗ ನಮ್ಮ ಅಜ್ಜ ಇದ್ದರು. ಲಾವಣಿ ಕೇಳಿಯೇ ಬೆಳೆದವರು, ಅಕ್ಷರ ಬರುತ್ತಿರಲಿಲ್ಲ. ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡಕ್ಕೆ ವರ್ಷಕ್ಕೊಮ್ಮೆ ಹೋಗಿ ಅಲ್ಲಿನ ಆಲದ ಗಿಡಕ್ಕೆ ಕೈ ಮುಗಿದು ಬರುತ್ತಿದ್ದರು. ಊರಿನ ಹುಡುಗರೆಲ್ಲ ಸಿನಿಮಾಕ್ಕೆ ಹೊರಟಾಗ ಕುದುರೆ ಎಷ್ಟು, ಯುದ್ಧ ಎಷ್ಟು ಅಂತ ಅಜ್ಜ ಕೇಳಲಿಲ್ಲ. ಕೇಳಿದ್ದು ಒಂದೇ: "ಗಿಡಾ ತೋರಸ್ತಾರೇನು?"

ಎರಡನೇ ಬೆಂಚು, ಬಾಗಲಕೋಟೆ ನವನಗರ

ಅಜ್ಜನಿಗೆ ಗಿಡ, ನನಗೆ ಡಂಬಲ್‌ಡೋರ್ ಅವರ ಶಾಂತಿ, ದೊಡ್ಡಮ್ಮನಿಗೆ ಅಳು. ನಾವೆಲ್ಲ ಒಂದೊಂದನ್ನು ಹಿಡಿದುಕೊಂಡು ಟಾಕೀಸಿಗೆ ಹೋಗುತ್ತೇವೆ.

ಗುಮ್ಮಟದ ನೆರಳು, ವಿಜಯಪುರ

ಹೌದು, ಆದರೆ ಒಂದು ಕೋಟಿ ಓದುಗರು ಒಂದೊಂದು ಹಿಡಿದುಕೊಂಡು ಬಂದರೆ ನಿರ್ದೇಶಕ ಯಾರದ್ದನ್ನು ಉಳಿಸಬೇಕು? ಇದಕ್ಕೆ ಉತ್ತರ ಸಿಗುವ ತನಕ ನಾನು ನಿರ್ದೇಶಕರ ಕಡೆಯೇ.

ಕೃಷ್ಣಾ ದಂಡೆ, ಜಮಖಂಡಿ

ಓದುಗರೇ ದುಡ್ಡು ಹಾಕಿ ಮಾಡಿದ್ದೂ ಇದೆಯಲ್ಲ? 2023ರ ಡೇರ್‌ಡೆವಿಲ್ ಮುಸ್ತಫಾ. ತೇಜಸ್ವಿಯವರ ಅಭಿಮಾನಿಗಳೇ ನೂರು ಜನ ಸೇರಿ ನಿರ್ಮಾಪಕರಾದರು. ಮೂಲ ಸಣ್ಣ ಕಥೆ, ಸಿನಿಮಾ ಪೂರ್ತಿ ಉದ್ದದ್ದು. ಎಷ್ಟೋ ಹೊಸದು ಸೇರಿಸಿದ್ದಾರೆ. ಆದರೂ ನನಗೆ ತೇಜಸ್ವಿ ಕೈ ತಪ್ಪಿಹೋದ ಹಾಗೆ ಅನಿಸಲಿಲ್ಲ. ಓದಿ ಪ್ರೀತಿಸಿದವರು ಸೇರಿಸಿದರೆ ಗೊತ್ತಾಗುತ್ತದೆ.

ಗುಮ್ಮಟದ ನೆರಳು, ವಿಜಯಪುರ

ಅದು ನಾನೂ ನೋಡಿದ್ದೇನೆ. ಅದಕ್ಕೆ ವಾದ ಇಲ್ಲ.

ಟಿಳಕವಾಡಿ ಅಪ್ಪ, ಬೆಳಗಾವಿ

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ನಿನ್ನೆ ರಾತ್ರಿ ಮಗಳ ಪುಸ್ತಕ ತೆಗೆದುಕೊಂಡು ಆ ಅಧ್ಯಾಯ ಮಾತ್ರ ಓದಿದೆ. ಇಂಗ್ಲಿಷ್ ನಿಧಾನ, ಒಂದು ತಾಸು ಹಿಡಿಯಿತು. ಎಲ್ಲರೂ ಹುಡುಗನ ಮೇಲೆ ಅನುಮಾನ ಪಡುತ್ತಾರೆ, ಕೋಣೆ ತುಂಬ ಸಿಟ್ಟು. ಅದರ ನಡುವೆ ಒಬ್ಬರು ಮಾತ್ರ ದನಿ ಏರಿಸದೆ ಕೇಳುತ್ತಾರೆ. ನನ್ನ ಮಗಳು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದ ದಿನ ನಾನು ಹೇಗೆ ಕೇಳಿದ್ದೆ ಅನ್ನುವುದು ನೆನಪಾಯಿತು. ಅವಳು ಆ ಪದಕ್ಕೆ ಯಾಕೆ ಗೆರೆ ಎಳೆದಳು ಅಂತ ಈಗ ಗೊತ್ತಾಗುತ್ತಿದೆ. ಅವಳಿಗೆ ಹೇಳಿದೆ, ನೀನು ಹೇಳಿದ್ದೇ ಸರಿ ಅಂತ.

ಅವಳದ್ದು ಈಗ ಒಂದು ಬೇಡಿಕೆ. ಬೀಳಗಿ ಅಕ್ಕನವರು ಹೇಳಿದ ಕುಲವಧು ಓದಬೇಕಂತೆ, ಆಮೇಲೆ ಸಿನಿಮಾ ನೋಡಬೇಕಂತೆ. ಇಲ್ಲಿ ಎರಡು ಅಂಗಡಿ ಕೇಳಿದೆ, ಸಿಗಲಿಲ್ಲ.

ಶಾವಿಗೆ ಮಣೆ, ಬೀಳಗಿ

ಅಣ್ಣಾ, ಅಂಗಡಿ ಹುಡುಕಬೇಡಿ. ಅವ್ವ ಓದಿದ ಪ್ರತಿಯೇ ನಮ್ಮ ಹತ್ತಿರ ಇದೆ. ರಟ್ಟು ಹೋಗಿದೆ, ಹಳೆಯ ಕ್ಯಾಲೆಂಡರ್ ಹಾಳೆ ಹಾಕಿ ಹೊಲಿದಿದ್ದೇನೆ. ಅಲ್ಲಲ್ಲಿ ಹಿಟ್ಟಿನ ಬೆರಳು ಮೂಡಿದೆ, ಅದನ್ನು ಒರೆಸಬೇಡಿ ಅಂತ ಮಗಳಿಗೆ ಹೇಳಿ. ನಮ್ಮ ಅಳಿಯ ಶನಿವಾರ ಬೆಳಗಾವಿಗೆ ಬರುತ್ತಾನೆ, ಕೊಟ್ಟು ಕಳಿಸುತ್ತೇನೆ. ನಡುವೆ ನಾಲ್ಕು ಹಾಳೆ ಹರಿದು ಹೋಗಿವೆ.

ಟಿಳಕವಾಡಿ ಅಪ್ಪ, ಬೆಳಗಾವಿ

ನಾಲ್ಕು ಹಾಳೆ ಇಲ್ಲದಿದ್ದರೂ ಪರವಾಗಿಲ್ಲ ಅಕ್ಕಾರೆ, ಜೋಪಾನವಾಗಿ ತಿರುಗಿ ಕಳಿಸುತ್ತೇವೆ.

ಶಾವಿಗೆ ಮಣೆ, ಬೀಳಗಿ

ಅವ್ವ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದಾಳೆ. ಆ ನಾಲ್ಕು ಹಾಳೆ ಅವಳಿಗೆ ಬಾಯಿಪಾಠ ಇದೆಯಂತೆ. ಮಗಳು ಅಲ್ಲಿಗೆ ಬಂದಾಗ ಫೋನ್ ಮಾಡಲಿ, ಹೇಳುತ್ತೇನೆ ಅನ್ನುತ್ತಿದ್ದಾಳೆ. ಸಂಜೆ ಏಳರ ಮೇಲೆ, ದೀಪ ಹಚ್ಚಿದ ಮೇಲೆ ಮಾಡಲಿ.